ಯಾವ ಕಂಪ್ಯೂಟರಿಗೆ ದಾಳಿ ಹೆಚ್ಚು, ಏಕೆ ಹೆಚ್ಚು: ದಾವಣಗೆರೆಯ ಅಂಗಡಿ, ಕಚೇರಿಗಳಿಗೊಂದು ಕೈಪಿಡಿ

ದಾವಣಗೆರೆಯಲ್ಲಿ ಅಂಗಡಿಗೋ ಕಚೇರಿಗೋ ಹೊಸ ಕಂಪ್ಯೂಟರ್ ಕೊಳ್ಳಲು ಹೊರಟವರು ಮಾರುವವರನ್ನು ತಪ್ಪದೆ ಕೇಳುವ ಪ್ರಶ್ನೆ, ವೈರಸ್ ಬಾರದ ಕಂಪ್ಯೂಟರ್ ಯಾವುದು ಎಂಬುದು. ಉತ್ತರವೂ ಸಿದ್ಧವಾಗಿರುತ್ತದೆ: ವಿಂಡೋಸ್‌ಗೆ ಬರುತ್ತದೆ, ಮ್ಯಾಕ್‌ಗೆ ಬರುವುದು ಅಪರೂಪ, ಲಿನಕ್ಸ್‌ಗೆ ಬರುವುದೇ ಇಲ್ಲ. ಈ ಮಾತಿನಲ್ಲಿ ಸತ್ಯಾಂಶವಿದೆ. ಆದರೆ ಅದನ್ನೇ ನೆಚ್ಚಿಕೊಂಡು ಅಂಗಡಿಯ ಲೆಕ್ಕಪತ್ರವನ್ನು ಒಪ್ಪಿಸಿಬಿಡುವಷ್ಟು ಸತ್ಯವಿಲ್ಲ. ಕಂಪ್ಯೂಟರನ್ನು ನಡೆಸುವ ಮೂಲ ತಂತ್ರಾಂಶವಾದ ಆಪರೇಟಿಂಗ್ ಸಿಸ್ಟಂ ಮೇಲೆ ನಡೆಯುವ ದಾಳಿಯ ಪ್ರಮಾಣವನ್ನು ನಿರ್ಧರಿಸುವುದು ಅದರ ಹೆಸರಲ್ಲ. ಅದನ್ನು ಎಷ್ಟು ಜನ ಬಳಸುತ್ತಾರೆ, ಅದು ಎಷ್ಟು ಹಳೆಯದು, ಅದರಲ್ಲಿ ಕೆಲಸ ಮಾಡುವವರ ಕೈಗೆ ಎಷ್ಟು ಅಧಿಕಾರ ಕೊಡಲಾಗಿದೆ, ಅದಕ್ಕೆ ತಂತ್ರಾಂಶಗಳು ಎಲ್ಲಿಂದ ಬರುತ್ತವೆ ಎಂಬ ಸಂಗತಿಗಳು ಕೂಡಿ ಅದನ್ನು ನಿರ್ಧರಿಸುತ್ತವೆ. ಇವುಗಳಲ್ಲಿ ಬಳಕೆದಾರರ ಸಂಖ್ಯೆಯೊಂದನ್ನು ಬಿಟ್ಟರೆ ಉಳಿದವೆಲ್ಲವೂ ಬಹುಮಟ್ಟಿಗೆ ನಮ್ಮ ಹಿಡಿತದಲ್ಲಿರುವಂಥವು. ಆದ್ದರಿಂದ ಮೊದಲು ಕಾರಣಗಳನ್ನು ತಿಳಿದು, ಅನಂತರ ಆ ಕಾರಣಗಳಿಗೆ ತಕ್ಕಂತೆ ನಮ್ಮ ಯಂತ್ರಗಳನ್ನು ಹದಗೊಳಿಸಿಕೊಳ್ಳುವುದು ಸರಿಯಾದ ಕ್ರಮ.

ದಾಳಿ ಎಲ್ಲಿ ಹೆಚ್ಚು, ಏಕೆ

ಮೊದಲನೆಯ ಕಾರಣವನ್ನು ನಮ್ಮ ಜಿಲ್ಲೆಯ ರೈತರಿಗೆ ವಿವರಿಸಿ ಹೇಳಬೇಕಾಗಿಲ್ಲ. ಹೊಲದಿಂದ ಹೊಲಕ್ಕೆ ಮೆಕ್ಕೆಜೋಳವೇ ಹಬ್ಬಿದ್ದ ನಾಡಿಗೆ 2018ರಲ್ಲಿ ಫಾಲ್ ಸೈನಿಕ ಹುಳು ಬಂತು. ಭಾರತದಲ್ಲಿ ಅದು ಮೊದಲು ಕಾಣಿಸಿಕೊಂಡದ್ದೇ ಕರ್ನಾಟಕದಲ್ಲಿ. ಅದಕ್ಕೆ ಮೆಚ್ಚಿನ ಬೆಳೆ ಎಲ್ಲೆಲ್ಲೂ ಒಂದೇ ಸಮನೆ ಸಿಕ್ಕಿದ್ದರಿಂದ ಹರಡುವುದಕ್ಕೆ ತಡೆಯೇ ಇರಲಿಲ್ಲ. ಕಂಪ್ಯೂಟರ್ ಲೋಕದಲ್ಲಿ ವಿಂಡೋಸ್ ಅಂಥ ಏಕಬೆಳೆ. ಜಗತ್ತಿನ ಮೇಜಿನ ಮೇಲಿನ ಕಂಪ್ಯೂಟರ್ ಮತ್ತು ಲ್ಯಾಪ್‌ಟಾಪ್‌ಗಳಲ್ಲಿ ಹತ್ತಕ್ಕೆ ಸುಮಾರು ಏಳು ಅದನ್ನೇ ಬಳಸುತ್ತವೆ. ಕುತಂತ್ರಾಂಶ, ಅಂದರೆ ವೈರಸ್‌ನಂಥ ಹಾನಿಕರ ತಂತ್ರಾಂಶ, ಬರೆಯುವುದು ಇಂದು ಹವ್ಯಾಸವಲ್ಲ, ದಂಧೆ. ಒಮ್ಮೆ ಬರೆದ ತಂತ್ರಾಂಶ ಹೆಚ್ಚು ಯಂತ್ರಗಳಲ್ಲಿ ಓಡಿದಷ್ಟೂ ಆ ದಂಧೆಗೆ ಲಾಭ ಹೆಚ್ಚು.

ಆದರೆ ಸಂಖ್ಯೆಯೊಂದೇ ಕಾರಣವೆಂದು ವಾದಿಸುವವರು 2001ರ ಜುಲೈ ತಿಂಗಳನ್ನು ನೆನಪಿಸಿಕೊಳ್ಳಬೇಕು. ಆಗ ಹರಡಿದ ಕೋಡ್ ರೆಡ್ ಎಂಬ ಕುತಂತ್ರಾಂಶ ಹೊಕ್ಕಿದ್ದು ಮೈಕ್ರೋಸಾಫ್ಟ್‌ನ ಐಐಎಸ್ ಎಂಬ ವೆಬ್ ಸರ್ವರ್‌ಗಳನ್ನು. ಆ ಕಾಲದಲ್ಲಿ ಅಂತರಜಾಲದ ಹೆಚ್ಚಿನ ತಾಣಗಳು ನಡೆಯುತ್ತಿದ್ದುದು ಅಪಾಚೆ ಎಂಬ ಬೇರೊಂದು ಸರ್ವರ್ ತಂತ್ರಾಂಶದ ಮೇಲೆ. ಹೆಚ್ಚು ಬಳಕೆಯಲ್ಲಿದ್ದುದು ಪಾರಾಯಿತು, ಕಡಿಮೆ ಬಳಕೆಯಲ್ಲಿದ್ದುದು ಏಟು ತಿಂದಿತು. ಕೋಡ್ ರೆಡ್ ಬಳಸಿಕೊಂಡ ದೋಷಕ್ಕೆ ಮೈಕ್ರೋಸಾಫ್ಟ್ ಅದಕ್ಕೂ ಸುಮಾರು ಒಂದು ತಿಂಗಳ ಮೊದಲೇ ಪರಿಹಾರ ಬಿಡುಗಡೆ ಮಾಡಿತ್ತು. ಅದನ್ನು ಹಾಕಿಕೊಳ್ಳದ ಸರ್ವರ್‌ಗಳು ಲಕ್ಷಗಳ ಲೆಕ್ಕದಲ್ಲಿ ಉಳಿದಿದ್ದವು. ಇದೇ ಕಥೆ ಮುಂದೆಯೂ ಮತ್ತೆ ಮತ್ತೆ ನಡೆದಿದೆ.

ಎರಡನೆಯ ಕಾರಣ ಹುಟ್ಟಿನಿಂದ ಬಂದದ್ದು. 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಮೊದಲಾದ ಯುನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಂ, ಒಂದು ದೊಡ್ಡ ಯಂತ್ರವನ್ನು ಹಲವರು ಹಂಚಿಕೊಂಡು ಬಳಸುವ ವಾತಾವರಣದಲ್ಲಿ ಬೆಳೆದದ್ದು. ಒಬ್ಬರ ಕಡತವನ್ನು ಇನ್ನೊಬ್ಬರು ಮುಟ್ಟಬಾರದು, ಇಡೀ ವ್ಯವಸ್ಥೆಯನ್ನು ಬದಲಿಸುವ ಅಧಿಕಾರ ‘ರೂಟ್’ ಎಂಬ ಒಂದೇ ಖಾತೆಗೆ ಇರಬೇಕು ಎಂಬ ಕಟ್ಟುಪಾಡು ಅದಕ್ಕೆ ಬೇಗನೆ ಅನಿವಾರ್ಯವಾಯಿತು. ಲಿನಕ್ಸ್ ರೂಪುಗೊಂಡದ್ದು ಅದೇ ಮಾದರಿಯಲ್ಲಿ. ಮ್ಯಾಕ್‌ನ ಇಂದಿನ ವ್ಯವಸ್ಥೆ ಅದೇ ವಂಶದ್ದು. 1981ರಲ್ಲಿ ಬಂದ ಡಾಸ್ ಮತ್ತು ಅದರ ಮೇಲೆ ನಿಂತ ವಿಂಡೋಸ್ 95 ಮುಂತಾದವು ಒಬ್ಬ ವ್ಯಕ್ತಿಯ ಮೇಜಿನ ಮೇಲೆ, ಜಾಲದ ಸಂಪರ್ಕವಿಲ್ಲದೆ ಕೂರುವ ಯಂತ್ರಕ್ಕಾಗಿ ಮಾಡಿದವು. ಅಲ್ಲಿ ಕೂತವನೇ ಒಡೆಯ. ಅವನು ತೆರೆದ ಯಾವ ತಂತ್ರಾಂಶವೂ ಏನನ್ನಾದರೂ ಮಾಡಬಹುದಾಗಿತ್ತು. 1993ರಲ್ಲಿ ಬಂದ ವಿಂಡೋಸ್ ಎನ್‌ಟಿಯಲ್ಲಿ ಖಾತೆಗಳ ಭೇದ, ಅನುಮತಿಗಳ ಕಟ್ಟುಪಾಡು ಎಲ್ಲವೂ ಇದ್ದವು. 2001ರ ಎಕ್ಸ್‌ಪಿಯ ಅಡಿಪಾಯವೂ ಅದೇ ಆಗಿತ್ತು. ಆದರೂ ಎಕ್ಸ್‌ಪಿ ಹಾಕಿಕೊಳ್ಳುವಾಗ ಸೃಷ್ಟಿಯಾಗುತ್ತಿದ್ದ ಖಾತೆಗಳೆಲ್ಲ, ಯಂತ್ರದಲ್ಲಿ ಏನನ್ನೂ ಬದಲಿಸಬಲ್ಲ ಅಡ್ಮಿನ್ ಖಾತೆಗಳೇ ಆಗಿರುತ್ತಿದ್ದವು. ಭದ್ರವಾದ ಬೀಗವನ್ನು ಮಾಡಿ, ಅದನ್ನು ತೆರೆದೇ ಇಟ್ಟು ಮಾರಿದಂತಾಯಿತು. ಜಾಲದಿಂದ ನುಗ್ಗುವುದನ್ನು ತಡೆಯುವ ಫೈರ್‌ವಾಲ್ ತಾನಾಗಿಯೇ ಚಾಲೂ ಇರುವಂತಾದದ್ದು 2004ರ ಎರಡನೆಯ ಸರ್ವಿಸ್ ಪ್ಯಾಕ್‌ನಿಂದ. ‘ಈ ತಂತ್ರಾಂಶಕ್ಕೆ ಬದಲಾವಣೆ ಮಾಡಲು ಅನುಮತಿಸುವಿರಾ’ ಎಂದು ಪರದೆಯನ್ನು ಮಸುಕಾಗಿಸಿ ಕೇಳುವ ಪದ್ಧತಿ ಬಂದದ್ದು ಅದರ ಮುಂದಿನ ಆವೃತ್ತಿಯಾದ ವಿಸ್ಟಾದಿಂದ. ವಿಂಡೋಸ್‌ನ ಕೆಟ್ಟ ಹೆಸರಿನ ಬಹುಪಾಲು ಆ ಕೆಲವೇ ವರ್ಷಗಳ ಗಳಿಕೆ. ಇಂದಿನ ವಿಂಡೋಸ್ 11 ಅನ್ನು ಅದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ.

ಸಣ್ಣದಾಗಿ ಕಾಣುವ ವಿನ್ಯಾಸದ ತೀರ್ಮಾನವೂ ಎಂಥ ಅನಾಹುತ ಮಾಡಬಲ್ಲದೆಂಬುದಕ್ಕೆ 2000ದ ಮೇ ತಿಂಗಳ ‘ಐ ಲವ್ ಯೂ’ ವೈರಸ್ ಸಾಕ್ಷಿ. ಇ-ಮೇಲ್‌ಗೆ ಅಂಟಿಕೊಂಡು ಬಂದ ಆ ಫೈಲಿನ ಹೆಸರಿನ ಕೊನೆಯಲ್ಲಿ ‘ಟಿಎಕ್ಸ್‌ಟಿ’ ಎಂದಿದ್ದು, ಅದರಾಚೆ ಅದು ಓಡುವ ತಂತ್ರಾಂಶವೆಂದು ಹೇಳುವ ‘ವಿಬಿಎಸ್’ ಎಂಬ ನಿಜವಾದ ಬಾಲ (ಎಕ್ಸ್‌ಟೆನ್ಷನ್) ಇತ್ತು. ತನಗೆ ಗೊತ್ತಿರುವ ಬಾಲಗಳನ್ನು ಮರೆಮಾಡುವುದು ವಿಂಡೋಸ್‌ನ ಪದ್ಧತಿಯಾದ್ದರಿಂದ ಜನರಿಗೆ ಅದು ಬರಿಯ ಪ್ರೇಮಪತ್ರದ ಬರಹವಾಗಿ ಕಂಡಿತು. ತೆರೆದವರ ವಿಳಾಸ ಪುಸ್ತಕದಲ್ಲಿದ್ದ ಎಲ್ಲರಿಗೂ ಅದು ತಾನೇ ಅಂಚೆಯಾಯಿತು. ಯುನಿಕ್ಸ್ ವಂಶದ ವ್ಯವಸ್ಥೆಗಳಲ್ಲಿ ಒಂದು ಕಡತ ತಂತ್ರಾಂಶವಾಗಿ ಓಡಬೇಕಾದರೆ ಅದಕ್ಕೆ ಪ್ರತ್ಯೇಕ ಅನುಮತಿಯ ಗುರುತು ಇರಬೇಕು. ಅಂತರಜಾಲದಿಂದ ಇಳಿಸಿಕೊಂಡ ಕಡತಕ್ಕೆ ಸಾಮಾನ್ಯವಾಗಿ ಅದು ಇರುವುದಿಲ್ಲ. ವಿಸ್ಮಯವೆಂದರೆ, ಇಷ್ಟು ವರ್ಷಗಳಾದರೂ ವಿಂಡೋಸ್ 11ರಲ್ಲಿ ಬಾಲಗಳು ಈಗಲೂ ಮರೆಯಾಗಿಯೇ ಬರುತ್ತವೆ.

ಮೂರನೆಯದು ಹಳೆಯದನ್ನು ಬಿಡದ ಗುಣ. ಹತ್ತಾರು ವರ್ಷ ಹಿಂದಿನ ಬಿಲ್ಲಿಂಗ್ ತಂತ್ರಾಂಶವೂ, ಹಳೆಯ ನುಡಿ ಅಕ್ಷರಗಳಲ್ಲಿ ಮಾಡಿದ ಲಗ್ನಪತ್ರಿಕೆಯೂ ಇಂದಿನ ವಿಂಡೋಸ್‌ನಲ್ಲಿ ತೆರೆದುಕೊಳ್ಳುತ್ತವೆ. ನಮ್ಮ ಡಿಟಿಪಿ ಅಂಗಡಿಗಳು ಅದನ್ನು ಬಿಡದಿರಲು ಮುಖ್ಯ ಕಾರಣವೇ ಅದು. ಆದರೆ ಹಳೆಯ ತಂತ್ರಾಂಶ ಓಡಬೇಕಾದರೆ ಹಳೆಯ ದಾರಿಗಳನ್ನೂ ತೆರೆದಿಡಬೇಕಾಗುತ್ತದೆ. 2017ರ ಮೇ 12ರಂದು ಹರಡಲಾರಂಭಿಸಿದ ವಾನ್ನಾಕ್ರೈ ಎಂಬ ಕುತಂತ್ರಾಂಶ ನುಗ್ಗಿದ್ದು ಅಂಥದೊಂದು ದಾರಿಯಲ್ಲಿ: ಕಂಪ್ಯೂಟರುಗಳು ಕಡತ ಮತ್ತು ಪ್ರಿಂಟರುಗಳನ್ನು ಹಂಚಿಕೊಳ್ಳಲು ಬಳಸುವ ಎಸ್‌ಎಂಬಿ ಎಂಬ ವ್ಯವಸ್ಥೆಯ ಬಲು ಹಳೆಯ ಮೊದಲ ಆವೃತ್ತಿ. ಅದಕ್ಕೂ ಮೈಕ್ರೋಸಾಫ್ಟ್ ಮಾರ್ಚ್ 14ರಂದೇ ಪರಿಹಾರ ಕೊಟ್ಟಿತ್ತು. ಆದರೂ ಸುಮಾರು 150 ದೇಶಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಯಂತ್ರಗಳ ಕಡತಗಳು ಗೂಢಲಿಪಿಯಾಗಿ ಬೀಗ ಬಿದ್ದವು, ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳು ರೋಗಿಗಳನ್ನು ಹಿಂದಕ್ಕೆ ಕಳಿಸಬೇಕಾಯಿತು. ಸಿಕ್ಕಿಬಿದ್ದವುಗಳಲ್ಲಿ ಬಹುಪಾಲು ವಿಂಡೋಸ್ 7. ಆಗಲೇ ವಿಂಡೋಸ್ 10 ಬಳಸಿ ಅಪ್‌ಡೇಟ್‌ಗಳನ್ನು ತಡೆಯದೆ ಬಿಟ್ಟವರು ಬಹುತೇಕ ಪಾರಾದರು. ಒಂದೇ ಕಂಪನಿಯ, ಒಂದೇ ಹೆಸರಿನ ವ್ಯವಸ್ಥೆಯೊಳಗೇ ಇಷ್ಟು ಅಂತರವಿರುವಾಗ ವಿಂಡೋಸ್ ಒಳ್ಳೆಯದೋ ಕೆಟ್ಟದೋ ಎಂಬ ಪ್ರಶ್ನೆಗೆ ಅರ್ಥವಿಲ್ಲ. ಯಾವ ವಿಂಡೋಸ್, ಯಾವ ತಾರೀಖಿನವರೆಗೆ ಅಪ್‌ಡೇಟ್ ಆದದ್ದು ಎಂದು ಕೇಳಬೇಕು.

ಇನ್ನು ಪಾರಾದವರೆಂದು ಹೆಸರಾದವರ ಕಡೆ ನೋಡೋಣ. ಅಂತರಜಾಲದ ಮೇಲೆ ದೊಡ್ಡ ಪ್ರಮಾಣದಲ್ಲಿ ಹರಡಿದ ಮೊದಲ ಹುಳು (ಯಂತ್ರದಿಂದ ಯಂತ್ರಕ್ಕೆ ತಾನಾಗಿಯೇ ಹರಡುವ ಕುತಂತ್ರಾಂಶ) 1988ರ ನವೆಂಬರ್ 2ರ ಮಾರಿಸ್ ವರ್ಮ್. ಅದು ಹೊಕ್ಕಿದ್ದು ಯುನಿಕ್ಸ್ ಯಂತ್ರಗಳನ್ನು, ಏಕೆಂದರೆ ಆಗ ಜಾಲದಲ್ಲಿ ಇದ್ದವು ಹೆಚ್ಚಾಗಿ ಅವೇ. 2012ರಲ್ಲಿ ಫ್ಲ್ಯಾಶ್‌ಬ್ಯಾಕ್ ಎಂಬುದು ಆರು ಲಕ್ಷ ಮ್ಯಾಕ್‌ಗಳಲ್ಲಿ ಮನೆ ಮಾಡಿತು. ಅದು ನುಗ್ಗಿದ್ದು ಜಾವಾ ಎಂಬ ತಂತ್ರಾಂಶದ ದೋಷವೊಂದರ ಮೂಲಕ. ಅದನ್ನು ಜಾವಾದ ಒಡೆತನದ ಒರಾಕಲ್ ಕಂಪನಿ ಫೆಬ್ರವರಿಯಲ್ಲೇ ಸರಿಪಡಿಸಿದ್ದರೂ ಆಪಲ್ ತನ್ನ ಬಳಕೆದಾರರಿಗೆ ಆ ಪರಿಹಾರವನ್ನು ಮುಟ್ಟಿಸಿದ್ದು ಏಪ್ರಿಲ್‌ನಲ್ಲಿ. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ ಸಿಸಿಟಿವಿ ಕ್ಯಾಮೆರಾ, ಡಿವಿಆರ್ ಮತ್ತು ರೂಟರ್‌ಗಳನ್ನು ಲಕ್ಷಗಟ್ಟಲೆ ವಶಪಡಿಸಿಕೊಂಡಿತು. ಅವುಗಳೊಳಗೆ ಇದ್ದುದು ಲಿನಕ್ಸ್. ಅದು ಯಾವ ಸೂಕ್ಷ್ಮ ದೋಷವನ್ನೂ ಹುಡುಕಲಿಲ್ಲ. ಕಾರ್ಖಾನೆಯಿಂದ ಬಂದ ಅರವತ್ತರಷ್ಟು ಹೆಸರು-ಪಾಸ್‌ವರ್ಡ್ ಜೋಡಿಗಳನ್ನು ಒಂದೊಂದಾಗಿ ಪ್ರಯತ್ನಿಸಿತು, ಅಷ್ಟೇ. ಲಿನಕ್ಸ್ ಇದ್ದ ಕಂಪ್ಯೂಟರಿಗೆ ವೈರಸ್ ಬರುವುದಿಲ್ಲ ಎನ್ನುವ ಅಂಗಡಿಯವರ ತಲೆಯ ಮೇಲಿನ ಗೋಡೆಯಲ್ಲೇ ಅಂಥದೊಂದು ಕ್ಯಾಮೆರಾ ನೇತಾಡುತ್ತಿರುತ್ತದೆ.

ನಾಲ್ಕನೆಯ ಕಾರಣ, ತಂತ್ರಾಂಶ ಬರುವ ಬಾಗಿಲು. ಐಫೋನ್‌ಗೆ ಹೆಚ್ಚಿನ ದೇಶಗಳಲ್ಲಿ ಇರುವುದು ಆಪಲ್ ಕಾಯುವ ಒಂದೇ ಬಾಗಿಲು. ಲಿನಕ್ಸ್ ಬಳಸುವವರು ಬಹುಮಟ್ಟಿಗೆ ತಮ್ಮ ವಿತರಣೆಯವರು (ಲಿನಕ್ಸನ್ನು ಜೋಡಿಸಿ ಹಂಚುವವರು) ಪರಿಶೀಲಿಸಿ ಸಹಿ ಮಾಡಿದ ಭಂಡಾರದಿಂದಲೇ ತಂತ್ರಾಂಶ ಪಡೆಯುತ್ತಾರೆ. ಆ ಭಂಡಾರವೂ ಪೂರ್ತಿ ಅಭೇದ್ಯವಲ್ಲ: 2024ರ ಮಾರ್ಚ್‌ನಲ್ಲಿ ಎಕ್ಸ್‌ಝಡ್ ಎಂಬ ಸಣ್ಣ ತಂತ್ರಾಂಶದೊಳಗೆ ಯಾರೋ ತಾಳ್ಮೆಯಿಂದ ಅಡಗಿಸಿಟ್ಟಿದ್ದ ಹಿಂಬಾಗಿಲು ಪತ್ತೆಯಾದದ್ದು, ದೂರದಿಂದ ಲಾಗಿನ್ ಆಗುವಾಗ ಅರ್ಧ ಸೆಕೆಂಡಿನಷ್ಟು ತಡವಾಗುತ್ತಿರುವುದನ್ನು ಆಂಡ್ರೆಸ್ ಫ್ರಾಯಿಂಡ್ ಎಂಬ ಇಂಜಿನಿಯರ್ ಗಮನಿಸಿ ಬೆನ್ನು ಹತ್ತಿದ್ದರಿಂದ. ವಿಂಡೋಸ್‌ಗಾದರೋ ಜನ ಎಲ್ಲೆಲ್ಲಿಂದಲೋ ತಂತ್ರಾಂಶ ಇಳಿಸಿಕೊಳ್ಳುತ್ತಾರೆ. ಅದರಲ್ಲೂ ನಮ್ಮ ಕಡೆ ದೊಡ್ಡ ರೋಗವೆಂದರೆ ಡೂಪ್ಲಿಕೇಟ್ ವಿಂಡೋಸ್ ಮತ್ತು ಅದನ್ನು ಅಸಲಿಯಂತೆ ತೋರಿಸುವ ‘ಕ್ರ್ಯಾಕ್’. ಕ್ರ್ಯಾಕ್ ಓಡಿಸಲು ಆ್ಯಂಟಿವೈರಸ್ ಆರಿಸಿ, ಅಡ್ಮಿನ್ ಅನುಮತಿ ಕೊಟ್ಟು, ಅಪ್‌ಡೇಟ್ ನಿಲ್ಲಿಸಬೇಕೆಂದು ಅದನ್ನು ಕೊಡುವವರೇ ಹೇಳುತ್ತಾರೆ. ದಾಳಿಕೋರನಿಗೆ ಬೇಕಾದ ಮೂರೂ ಅನುಕೂಲಗಳನ್ನು ಯಜಮಾನನೇ ಒದಗಿಸಿದ ಮೇಲೆ ದೋಷ ಯಾವ ಕಂಪನಿಯದೆಂದು ಹುಡುಕುವುದರಲ್ಲಿ ಹುರುಳಿಲ್ಲ.

ನಿಮ್ಮ ಯಂತ್ರದ ಸ್ಥಿತಿ ತಿಳಿಯುವ ಬಗೆ

ಅಂಗಡಿಯಲ್ಲಿ ಅಥವಾ ಕಚೇರಿಯಲ್ಲಿ ಎಷ್ಟು ಕಂಪ್ಯೂಟರ್ ಇವೆಯೋ ಅಷ್ಟಕ್ಕೂ ಒಂದೊಂದು ಹಾಳೆ ಇಟ್ಟು, ಆವೃತ್ತಿ, ಕೊನೆಯ ಅಪ್‌ಡೇಟ್‌ನ ದಿನಾಂಕ, ಅದನ್ನು ಬಳಸುವವರು, ಅದರಲ್ಲಿ ಬಿಡಲಾಗದ ತಂತ್ರಾಂಶ ಯಾವುದು ಎಂಬುದನ್ನು ಬರೆಯಿರಿ. ವಿಂಡೋಸ್‌ನಲ್ಲಿ ಆವೃತ್ತಿ ತಿಳಿಯಲು ವಿಂಡೋಸ್ ಗುರುತಿನ ಕೀಲಿ ಮತ್ತು ‘ಆರ್’ ಕೀಲಿಯನ್ನು ಒಟ್ಟಿಗೆ ಒತ್ತಿ, ತೆರೆದ ಚೌಕದಲ್ಲಿ ‘ವಿನ್‌ವರ್’ (winver) ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿ ಎಂಟರ್ ಒತ್ತಿದರೆ ಸಾಕು. ಅಲ್ಲಿ ಕಂಡದ್ದನ್ನು ಈ ತಾರೀಖುಗಳೊಡನೆ ಹೋಲಿಸಿ ನೋಡಿ: ಎಕ್ಸ್‌ಪಿಗೆ ಮೈಕ್ರೋಸಾಫ್ಟ್‌ನ ಬೆಂಬಲ 2014ರ ಏಪ್ರಿಲ್ 8ಕ್ಕೆ ಮುಗಿಯಿತು, ವಿಂಡೋಸ್ 7ಕ್ಕೆ 2020ರ ಜನವರಿ 14ಕ್ಕೆ, 8.1ಕ್ಕೆ 2023ರ ಜನವರಿ 10ಕ್ಕೆ. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ. ಮನೆಬಳಕೆಯವರು ಹೆಸರು ನೋಂದಾಯಿಸಿಕೊಂಡರೆ ವಿಂಡೋಸ್ 10ಕ್ಕೆ ಇನ್ನೊಂದು ವರ್ಷ ಭದ್ರತಾ ಅಪ್‌ಡೇಟ್ ಪಡೆಯುವ ಅವಕಾಶವನ್ನು ಕಂಪನಿ ಕೊಟ್ಟಿತು. ವಿಂಡೋಸ್ 11 ಇದ್ದರೂ ನಿಶ್ಚಿಂತೆಯಿಲ್ಲ: ಅದರ ಒಂದೊಂದು ವಾರ್ಷಿಕ ಆವೃತ್ತಿಗೆ ಹೋಮ್ ಮತ್ತು ಪ್ರೊ ಬಳಕೆದಾರರಿಗೆ ಸಿಗುವ ಬೆಂಬಲ 24 ತಿಂಗಳು ಮಾತ್ರ.

ಬೆಂಬಲ ಮುಗಿದ ಯಂತ್ರ ಅಂದೇ ನಿಂತುಹೋಗುವುದಿಲ್ಲ, ಮೊದಲಿನಂತೆಯೇ ಓಡುತ್ತದೆ. ಅಪಾಯವಿರುವುದೇ ಅಲ್ಲಿ. ಪ್ರತಿ ತಿಂಗಳ ಎರಡನೆಯ ಮಂಗಳವಾರ ಮೈಕ್ರೋಸಾಫ್ಟ್ ಹೊಸ ವಿಂಡೋಸ್‌ಗೆ ಪರಿಹಾರಗಳನ್ನು ಬಿಡುಗಡೆ ಮಾಡಿದಾಗ, ಅವುಗಳನ್ನು ಬಿಚ್ಚಿ ನೋಡುವ ದಾಳಿಕೋರರಿಗೆ ದೋಷ ಎಲ್ಲಿತ್ತೆಂಬುದು ತಿಳಿಯುತ್ತದೆ. ಅದೇ ದೋಷ ಹಳೆಯದರಲ್ಲೂ ಇದ್ದರೆ ಅಲ್ಲಿ ಅದು ಶಾಶ್ವತವಾಗಿ ತೆರೆದ ಬಾಗಿಲು.

ಹಳೆಯ ಯಂತ್ರವನ್ನು ಏನು ಮಾಡಬೇಕು

ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್, 4 ಜಿಬಿ ರ‍್ಯಾಮ್, 64 ಜಿಬಿ ಜಾಗ ಬೇಕು. ಇಂಟೆಲ್ ಪ್ರೊಸೆಸರ್ ಆದರೆ ಸಾಮಾನ್ಯವಾಗಿ ಎಂಟನೆಯ ಪೀಳಿಗೆ ಅಥವಾ ಅದಕ್ಕಿಂತ ಹೊಸದಾಗಿರಬೇಕು. ಮೈಕ್ರೋಸಾಫ್ಟ್ ಉಚಿತವಾಗಿ ಕೊಡುವ ‘ಪಿಸಿ ಹೆಲ್ತ್ ಚೆಕ್’ ನಿಮ್ಮ ಯಂತ್ರ ಯೋಗ್ಯವೋ ಅಲ್ಲವೋ ಎಂದು ಹೇಳುತ್ತದೆ. ಯೋಗ್ಯವಾದರೆ ಬದಲಿಸಿಬಿಡಿ. ಅಲ್ಲವಾದರೆ ಹಾಳೆಯಲ್ಲಿ ಬರೆದ ಕೊನೆಯ ಅಂಶದ ಕಡೆಗೆ ನೋಡಿ.

ಎಪಿಎಂಸಿಯ ದಲ್ಲಾಳಿ ಅಂಗಡಿಯಲ್ಲಿ ಲೆಕ್ಕವೆಲ್ಲ ಟ್ಯಾಲಿಯಲ್ಲಿದ್ದು, ತೆರಿಗೆ ಕಡತಗಳಿಗೆ ಡಿಜಿಟಲ್ ಸಹಿಯ ಟೋಕನ್ ಬಳಸುತ್ತಿದ್ದರೆ, ಆ ಒಂದು ಯಂತ್ರಕ್ಕೆ ಹೊಸ ಕಂಪ್ಯೂಟರ್ ಮತ್ತು ಅಸಲಿ ವಿಂಡೋಸ್ 11 ಕೊಳ್ಳುವುದೇ ಸರಿ. ಟ್ಯಾಲಿ ವಿಂಡೋಸ್‌ಗಾಗಿ ಮಾಡಿದ್ದು, ಅದನ್ನು ಬೇರೆಡೆ ಓಡಿಸುವ ಸಾಹಸ ವ್ಯಾಪಾರಕ್ಕೆ ತಕ್ಕುದಲ್ಲ. ಪತ್ರ ಬರೆಯುವುದು, ಇ-ಮೇಲ್, ಸರ್ಕಾರಿ ಜಾಲತಾಣಗಳಲ್ಲಿ ಅರ್ಜಿ ತುಂಬುವುದು, ಮುದ್ರಿಸುವುದು ಇಷ್ಟೇ ಕೆಲಸವಿರುವ ಹಳೆಯ ಯಂತ್ರಕ್ಕೆ ಲಿನಕ್ಸ್ ಮಿಂಟ್ ಅಥವಾ ಉಬುಂಟು ಎಂಬ ಲಿನಕ್ಸ್ ವಿತರಣೆ ಚೆನ್ನಾಗಿ ಒಗ್ಗುತ್ತದೆ. ಹಾಕುವ ಮುನ್ನ ಅದನ್ನು ಪೆನ್‌ಡ್ರೈವ್‌ಗೆ ಬರೆದು, ಡಿಸ್ಕಿನಲ್ಲಿರುವುದನ್ನು ಮುಟ್ಟದೆ, ಪೆನ್‌ಡ್ರೈವ್‌ನಿಂದಲೇ ಓಡಿಸಿ ನೋಡಬಹುದು. ಪ್ರಿಂಟರ್, ಸ್ಕ್ಯಾನರ್, ವೈ-ಫೈ ಮೂರೂ ಕೆಲಸ ಮಾಡುತ್ತವೆಯೇ ಎಂದು ಆಗಲೇ ಪರೀಕ್ಷಿಸಿ. ಕನ್ನಡ ಟೈಪಿಂಗ್‌ಗೆ ಕೀಬೋರ್ಡ್ ಸೆಟ್ಟಿಂಗ್‌ನಲ್ಲಿ ‘ಕಗಪ’ ವಿನ್ಯಾಸ ಸಿಗುತ್ತದೆ, ನುಡಿಯಲ್ಲಿ ಬೆರಳು ಪಳಗಿದವರಿಗೆ ತೊಂದರೆಯಾಗದು. ಯುನಿಕೋಡ್‌ನಲ್ಲಿ ಮಾಡಿದ ಕಡತಗಳು ಹಾಗೆಯೇ ತೆರೆಯುತ್ತವೆ. ಹಳೆಯ ನುಡಿ ಫಾಂಟ್‌ನಲ್ಲಿ ಮಾಡಿದವು ಆ ಫಾಂಟ್ ಹಾಕದೆ ಅರ್ಥವಿಲ್ಲದ ಅಕ್ಷರಗಳಾಗಿ ಕಾಣುತ್ತವೆ, ಆದ್ದರಿಂದ ಅವುಗಳನ್ನು ಮೊದಲೇ ಪರಿವರ್ತಿಸಿಕೊಳ್ಳುವುದು ಮೇಲು.

ಎಕ್ಸ್‌ಪಿ ಅಥವಾ 7 ಇಲ್ಲದೆ ನಡೆಯದ ಹಳೆಯ ಮುದ್ರಣ ಯಂತ್ರವೋ ಪ್ರಯೋಗಾಲಯದ ಉಪಕರಣವೋ ಇದ್ದರೆ ಅದರ ಕಂಪ್ಯೂಟರನ್ನು ಜಾಲದಿಂದ ಪೂರ್ತಿಯಾಗಿ ಬೇರ್ಪಡಿಸಿ. ಕೇಬಲ್ ತೆಗೆದು, ವೈ-ಫೈ ಪಾಸ್‌ವರ್ಡ್ ಅಳಿಸಿ.

ಇರುವ ವಿಂಡೋಸನ್ನು ಹದಗೊಳಿಸುವುದು

ಒಂದೇ ಒಂದು ಕೆಲಸಕ್ಕೆ ಪುರುಸೊತ್ತು ಇದ್ದರೆ, ದಿನನಿತ್ಯದ ಖಾತೆಯಿಂದ ಅಡ್ಮಿನ್ ಅಧಿಕಾರವನ್ನು ತೆಗೆಯುವ ಕೆಲಸ ಮಾಡಿ. ಸೆಟ್ಟಿಂಗ್ಸ್‌ನಲ್ಲಿ ಅಕೌಂಟ್ಸ್ ವಿಭಾಗಕ್ಕೆ ಹೋಗಿ ಹೊಸದೊಂದು ಖಾತೆ ಸೃಷ್ಟಿಸಿ, ಅದಕ್ಕೆ ಗಟ್ಟಿಯಾದ ಪಾಸ್‌ವರ್ಡ್ ಕೊಟ್ಟು, ಅದನ್ನು ಅಡ್ಮಿನಿಸ್ಟ್ರೇಟರ್ ಮಾಡಿ. ಆ ಹೊಸ ಖಾತೆಗೆ ಒಮ್ಮೆ ಲಾಗಿನ್ ಆಗಿ, ಅಲ್ಲಿಂದ ನಿಮ್ಮ ಹಳೆಯ ಖಾತೆಯ ಬಗೆಯನ್ನು ‘ಸ್ಟ್ಯಾಂಡರ್ಡ್ ಯೂಸರ್’ ಎಂದು ಬದಲಿಸಿ. ನಿಮ್ಮ ಕಡತಗಳು, ಮೇಜಿನ ಚಿತ್ರ ಎಲ್ಲವೂ ಇದ್ದಲ್ಲೇ ಇರುತ್ತವೆ. ಮುಂದೆ ಹೊಸ ತಂತ್ರಾಂಶ ಹಾಕುವಾಗ ಮಾತ್ರ ಅಡ್ಮಿನ್ ಪಾಸ್‌ವರ್ಡ್ ಕೇಳುತ್ತದೆ; ಅದನ್ನು ಯಜಮಾನರು ಇಟ್ಟುಕೊಳ್ಳಲಿ, ಕೆಲಸದ ಹುಡುಗರಿಗೆ ಬೇಕಾಗಿಲ್ಲ. ಯುನಿಕ್ಸ್‌ಗೆ ಮೊದಲಿನಿಂದ ಇದ್ದ ಅನುಕೂಲವನ್ನು ವಿಂಡೋಸ್‌ಗೆ ಕೈಯಾರೆ ಕೊಡುವ ಬಗೆ ಇದು. ಗಮನಿಸಬೇಕಾದ ಮಿತಿಯೊಂದಿದೆ: ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ರ‍್ಯಾನ್ಸಮ್‌ವೇರ್‌ಗೆ ನಿಮ್ಮದೇ ಕಡತಗಳನ್ನು ಕೆಡಿಸಲು ಅಡ್ಮಿನ್ ಅಧಿಕಾರ ಬೇಕಿಲ್ಲ. ಆದ್ದರಿಂದ ಇದು ವ್ಯವಸ್ಥೆಯನ್ನು ಕಾಯುತ್ತದೆಯೇ ಹೊರತು ಲೆಕ್ಕಪುಸ್ತಕವನ್ನು ಪೂರ್ತಿಯಾಗಿ ಕಾಯುವುದಿಲ್ಲ.

ಅನಂತರ ಫೈಲ್ ಎಕ್ಸ್‌ಪ್ಲೋರರ್‌ನ ‘ವ್ಯೂ’ ಪಟ್ಟಿಯಲ್ಲಿ ‘ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್’ ಎಂಬುದಕ್ಕೆ ಗುರುತು ಹಾಕಿ, ಎಲ್ಲ ಫೈಲುಗಳ ಬಾಲ ಕಾಣುವಂತೆ ಮಾಡಿ. ಪಿಡಿಎಫ್ ಬಿಲ್ ಎಂದು ಬಂದದ್ದರ ಬಾಲ ‘ಇಎಕ್ಸ್‌ಇ’, ‘ಜೆಎಸ್’ ಅಥವಾ ‘ವಿಬಿಎಸ್’ ಆಗಿದ್ದರೆ ತೆರೆಯದೆ ಅಳಿಸಿ. ಎಕ್ಸೆಲ್ ಅಥವಾ ವರ್ಡ್ ಕಡತ ತೆರೆದಾಗ ಮ್ಯಾಕ್ರೋ (ಕಡತದೊಳಗೆ ಅಡಗಿರುವ ಸಣ್ಣ ತಂತ್ರಾಂಶ) ಚಾಲೂ ಮಾಡಿ ಎಂದು ಕೇಳಿದರೆ ಮಾಡಬೇಡಿ. ಅಂತರಜಾಲದಿಂದ ಬಂದ ಕಡತಗಳ ಮ್ಯಾಕ್ರೋಗಳನ್ನು ಮೈಕ್ರೋಸಾಫ್ಟ್ 2022ರಿಂದ ತಾನೇ ತಡೆಯುತ್ತಿದೆ, ಆದರೆ ಹಳೆಯ ಆಫೀಸ್ ಬಳಸುವವರಿಗೆ ಆ ಕಾವಲಿಲ್ಲ.

ಆ್ಯಂಟಿವೈರಸ್ ಬಗ್ಗೆ ಕೇಳುವವರಿಗೆ ನನ್ನ ಉತ್ತರ ಚಿಕ್ಕದು. ವಿಂಡೋಸ್‌ನ ಜೊತೆಗೇ ಬರುವ ಡಿಫೆಂಡರ್ ಸಣ್ಣ ಅಂಗಡಿಗೆ ಸಾಕು. ಎರಡೆರಡು ಆ್ಯಂಟಿವೈರಸ್ ಹಾಕುವುದರಿಂದ ಯಂತ್ರ ನಿಧಾನವಾಗುವುದೇ ಲಾಭ.

ಪೆನ್‌ಡ್ರೈವ್‌ಗಳ ಕಥೆಯನ್ನು ಬೇರೆಯಾಗಿ ಹೇಳಬೇಕು. ವಿದ್ಯಾನಗರದಂಥ ಬಡಾವಣೆಗಳಲ್ಲಿ ಕಾಲೇಜುಗಳ ಸುತ್ತಲ ಜೆರಾಕ್ಸ್ ಅಂಗಡಿಗಳಲ್ಲಿ ಪ್ರಾಜೆಕ್ಟ್ ವರದಿ ಮುದ್ರಿಸುವ ಹೊತ್ತಿಗೆ ದಿನವಿಡೀ ಒಂದೇ ಕಂಪ್ಯೂಟರಿಗೆ ಊರಿನ ಪೆನ್‌ಡ್ರೈವ್‌ಗಳೆಲ್ಲ ಚುಚ್ಚಿಸಿಕೊಳ್ಳುತ್ತವೆ. ಪೆನ್‌ಡ್ರೈವ್ ಹಾಕಿದೊಡನೆ ಅದರಲ್ಲಿನ ತಂತ್ರಾಂಶ ತಾನೇ ಓಡುವ ‘ಆಟೋರನ್’ ಸೌಲಭ್ಯವನ್ನು ಬಳಸಿಕೊಂಡು 2008ರ ಹೊತ್ತಿನ ಕಾನ್‌ಫಿಕರ್ ಮುಂತಾದವು ಹರಡಿದವು. 2011ರಲ್ಲಿ ಮೈಕ್ರೋಸಾಫ್ಟ್ ಹಳೆಯ ವಿಂಡೋಸ್‌ಗಳಲ್ಲೂ ಅದನ್ನು ತಡೆಯಿತು. ಆಮೇಲೆ ಬಂದದ್ದು ಶಾರ್ಟ್‌ಕಟ್ ವೈರಸ್. ಅದು ನಿಜವಾದ ಫೋಲ್ಡರುಗಳನ್ನು ಮರೆಮಾಡಿ, ಅವೇ ಹೆಸರಿನ ಶಾರ್ಟ್‌ಕಟ್‌ಗಳನ್ನು ಮುಂದಿಡುತ್ತದೆ. ಫೋಲ್ಡರ್ ಎಂದುಕೊಂಡು ಒತ್ತಿದವರು ವೈರಸ್ಸನ್ನೂ ಓಡಿಸಿರುತ್ತಾರೆ. ಫೋಲ್ಡರ್ ಚಿತ್ರದ ಮೂಲೆಯಲ್ಲಿ ಬಾಣದ ಗುರುತಿದ್ದರೆ, ‘ಟೈಪ್’ ಅಂಕಣದಲ್ಲಿ ಶಾರ್ಟ್‌ಕಟ್ ಎಂದಿದ್ದರೆ ಕೈ ಹಿಂದೆಗೆಯಿರಿ. ‘ಹಿಡನ್ ಐಟಮ್ಸ್’ಗೆ ಗುರುತು ಹಾಕಿ ನಿಜವಾದ ಫೋಲ್ಡರ್ ಹುಡುಕಿ. ಅದು ಆಗಲೂ ಕಾಣದಿದ್ದರೆ, ಅದನ್ನು ವ್ಯವಸ್ಥೆಯ ಕಡತವೆಂದು ಗುರುತಿಸಿ ಇನ್ನೂ ಆಳಕ್ಕೆ ಮರೆಮಾಡಲಾಗಿದೆ ಎಂದರ್ಥ. ‘ಫೋಲ್ಡರ್ ಆಪ್ಷನ್ಸ್’ನಲ್ಲಿ ರಕ್ಷಿತ ಸಿಸ್ಟಂ ಕಡತಗಳನ್ನು ಮರೆಮಾಡುವ ಗುರುತನ್ನು ತಾತ್ಕಾಲಿಕವಾಗಿ ತೆಗೆದು ನೋಡಬೇಕು.

ಇಂಥ ಅಂಗಡಿಗಳಿಗೆ ನಾನು ಬಲವಾಗಿ ಸೂಚಿಸುವುದು, ಗ್ರಾಹಕರ ಪೆನ್‌ಡ್ರೈವ್ ತೆರೆಯಲು ಲಿನಕ್ಸ್ ಹಾಕಿದ ಹಳೆಯ ಕಂಪ್ಯೂಟರೊಂದನ್ನು ಮೀಸಲಿಡುವುದು. ವಿಂಡೋಸ್‌ಗಾಗಿ ಬರೆದ ವೈರಸ್ ಅಲ್ಲಿ ಓಡುವುದಿಲ್ಲ, ಮರೆಮಾಡಿದ ಫೋಲ್ಡರುಗಳೂ ನೇರವಾಗಿ ಕಾಣುತ್ತವೆ, ಪಿಡಿಎಫ್ ತೆಗೆದು ಮುದ್ರಣಕ್ಕೆ ಕೊಡುವುದು ಸುಲಭ. ಆದರೆ ಪೆನ್‌ಡ್ರೈವ್‌ನಲ್ಲಿದ್ದ ವೈರಸ್ ಅದರಲ್ಲೇ ಉಳಿದು ಗ್ರಾಹಕರ ಜೊತೆಗೇ ಮನೆಗೆ ಹೋಗುತ್ತದೆ; ಅವರಿಗೆ ಒಂದು ಮಾತು ತಿಳಿಸುವುದು ಸೌಜನ್ಯ.

ಜಾಲದ ಬಾಗಿಲು, ಫೋನು, ನಕಲು ಪ್ರತಿ

ಲೆಕ್ಕಪರಿಶೋಧಕರೋ ತಂತ್ರಾಂಶ ರಿಪೇರಿಯವರೋ ದೂರದಿಂದಲೇ ಕೆಲಸ ಮಾಡಲೆಂದು ‘ರಿಮೋಟ್ ಡೆಸ್ಕ್‌ಟಾಪ್’ ಬಾಗಿಲನ್ನು ರೂಟರ್‌ನಲ್ಲಿ ನೇರವಾಗಿ ಅಂತರಜಾಲಕ್ಕೆ ತೆರೆದಿಡುವ ರೂಢಿಯನ್ನು ಕೂಡಲೇ ನಿಲ್ಲಿಸಿ. ಅದು ಬಳಸುವ 3389 ಎಂಬ ಸಂಖ್ಯೆಯ ಪೋರ್ಟನ್ನು ಜಗತ್ತಿನಾದ್ಯಂತ ಯಂತ್ರಗಳೇ ಹಗಲಿರುಳು ತಟ್ಟಿ ನೋಡುತ್ತಿರುತ್ತವೆ. ಸಣ್ಣ ವ್ಯಾಪಾರಗಳಿಗೆ ರ‍್ಯಾನ್ಸಮ್‌ವೇರ್ ನುಗ್ಗುವ ಹೆದ್ದಾರಿ ಅದು. ಎನಿಡೆಸ್ಕ್‌ನಂಥ ತಂತ್ರಾಂಶ ಬಳಸುವುದಾದರೆ ಕೆಲಸದ ಹೊತ್ತಿಗೆ ತೆರೆದು, ಮುಗಿದೊಡನೆ ಮುಚ್ಚಿ. ರೂಟರ್ ಮತ್ತು ಸಿಸಿಟಿವಿ ಡಿವಿಆರ್‌ಗಳ ಮೂಲ ಪಾಸ್‌ವರ್ಡ್‌ಗಳನ್ನು ಇಂದೇ ಬದಲಿಸಿ.

ಫೋನಿನ ವಿಷಯದಲ್ಲಿ ಆಂಡ್ರಾಯ್ಡ್‌ಗೆ ದಾಳಿ ಹೆಚ್ಚೆಂಬುದು ನಿಜ, ಕಾರಣಗಳು ಮೇಲೆ ಹೇಳಿದವೇ. ಭಾರತದ ಫೋನುಗಳಲ್ಲಿ ಹತ್ತಕ್ಕೆ ಒಂಬತ್ತಕ್ಕೂ ಹೆಚ್ಚು ಅದರವು. ಗೂಗಲ್ ಮಾಡಿದ ಪರಿಹಾರ ಫೋನ್ ಕಂಪನಿಯ ಕೈ ದಾಟಿ ಬರಬೇಕಾದ್ದರಿಂದ ಅಗ್ಗದ, ಹಳೆಯ ಫೋನುಗಳಲ್ಲಿ ಹಲವಕ್ಕೆ ಅದು ತಲುಪುವುದೇ ಇಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಪ್ಲೇ ಸ್ಟೋರ್‌ನ ಹೊರಗಿನಿಂದಲೂ ಆ್ಯಪ್ ಹಾಕಿಕೊಳ್ಳಲು ಅಲ್ಲಿ ಅವಕಾಶವಿದೆ. ವಾಟ್ಸ್‌ಆ್ಯಪ್‌ನಲ್ಲಿ ಮದುವೆಯ ಕರೆಯೋಲೆ, ಸಂಚಾರ ದಂಡದ ಚಲನ್, ಪಿಎಂ ಕಿಸಾನ್ ಕಂತಿನ ಪಟ್ಟಿ ಎಂದು ‘ಎಪಿಕೆ’ ಬಾಲದ ಫೈಲ್ ಬಂದರೆ ಅದು ಪತ್ರವಲ್ಲ, ಆ್ಯಪ್. ಹಾಕಿಕೊಂಡವರ ಎಸ್‌ಎಂಎಸ್‌ಗಳನ್ನು, ಬ್ಯಾಂಕಿನ ಒಟಿಪಿ ಸಹಿತ, ಅದು ದಾಳಿಕೋರರಿಗೆ ರವಾನಿಸುತ್ತದೆ. ಸೆಟ್ಟಿಂಗ್ಸ್‌ನಲ್ಲಿ ‘ಇನ್‌ಸ್ಟಾಲ್ ಅನ್‌ನೋನ್ ಆ್ಯಪ್ಸ್’ ಎಂದು ಹುಡುಕಿ, ವಾಟ್ಸ್‌ಆ್ಯಪ್ ಮತ್ತು ಬ್ರೌಸರ್‌ಗೆ ಆ ಅನುಮತಿ ಇದ್ದರೆ ತೆಗೆದುಬಿಡಿ. ಮನೆಯ ಹಿರಿಯರ ಫೋನಿನಲ್ಲೂ ನೀವೇ ಕೂತು ಇದನ್ನು ಮಾಡಿಕೊಡಿ.

ಯಾವ ವ್ಯವಸ್ಥೆಯಾದರೂ ನಕಲು ಪ್ರತಿ ಇರಲೇಬೇಕು. ಎರಡು ಹೊರ ಹಾರ್ಡ್ ಡಿಸ್ಕ್‌ಗಳನ್ನು ಕೊಂಡು, ಒಂದು ವಾರ ಒಂದಕ್ಕೆ, ಮರುವಾರ ಇನ್ನೊಂದಕ್ಕೆ ಲೆಕ್ಕದ ಫೋಲ್ಡರನ್ನು ನಕಲಿಸಿ, ಕೂಡಲೇ ಕಳಚಿ, ಒಂದನ್ನು ಮನೆಯಲ್ಲಿಡಿ. ಕಳಚದೆ ಬಿಟ್ಟರೆ ರ‍್ಯಾನ್ಸಮ್‌ವೇರ್ ಅದಕ್ಕೂ ಬೀಗ ಹಾಕುತ್ತದೆ. ಆಗಾಗ ಆ ನಕಲನ್ನು ಬೇರೊಂದು ಕಂಪ್ಯೂಟರಿನಲ್ಲಿ ತೆರೆದು ನೋಡಿ. ತೆರೆಯದ ನಕಲಿಗೆ ಬೆಲೆಯಿಲ್ಲ.

ದಾಳಿ ಆಗಿಯೇ ಹೋದರೆ

ಕಡತಗಳ ಬಾಲ ಬದಲಾಗಿ, ಹಣ ಕೇಳುವ ಸೂಚನೆ ಪರದೆಯ ಮೇಲೆ ಬಂದರೆ ಮೊದಲು ಜಾಲದ ಕೇಬಲ್ ಕೀಳಿ, ವೈ-ಫೈ ಆರಿಸಿ, ಉಳಿದ ಕಂಪ್ಯೂಟರುಗಳನ್ನು ಅದರಿಂದ ಬೇರ್ಪಡಿಸಿ. ಪರದೆಯ ಚಿತ್ರವನ್ನು ಫೋನಿನಲ್ಲಿ ತೆಗೆದಿಟ್ಟುಕೊಳ್ಳಿ. ಬ್ಯಾಂಕ್ ಖಾತೆಯಿಂದ ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಮೊದಲ ಗಂಟೆಗಳಲ್ಲಿ ತಿಳಿಸಿದರೆ ಹಣ ಮುಂದಿನ ಖಾತೆಗೆ ದಾಟುವ ಮುನ್ನ ತಡೆಹಿಡಿಯುವ ಸಾಧ್ಯತೆ ಹೆಚ್ಚು. ಲಿಖಿತ ದೂರನ್ನು ಜಿಲ್ಲೆಯ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು) ಅಪರಾಧ ಠಾಣೆಗೆ ಕೊಡಬಹುದು. ದಾಳಿಕೋರರಿಗೆ ಹಣ ಕಟ್ಟಿದರೆ ಬೀಗದ ಕೀ ಸಿಗುವುದೆಂಬ ಖಾತರಿಯಿಲ್ಲ. ಬೀಗ ಬಿದ್ದ ಡಿಸ್ಕನ್ನು ಆತುರದಿಂದ ಫಾರ್ಮ್ಯಾಟ್ ಮಾಡಿಸಬೇಡಿ: ನೆದರ್ಲೆಂಡ್ಸ್ ಪೊಲೀಸರು, ಯುರೋಪಿನ ಪೊಲೀಸ್ ಸಂಸ್ಥೆಯಾದ ಯುರೋಪೋಲ್ ಮತ್ತು ಕೆಲವು ಭದ್ರತಾ ಕಂಪನಿಗಳು ಸೇರಿ 2016ರಲ್ಲಿ ಆರಂಭಿಸಿದ ‘ನೋ ಮೋರ್ ರ‍್ಯಾನ್ಸಮ್’ ಜಾಲತಾಣದಲ್ಲಿ ಹಲವು ಬಗೆಯ ರ‍್ಯಾನ್ಸಮ್‌ವೇರ್‌ಗಳಿಗೆ ಕೀಗಳು ಉಚಿತವಾಗಿ ಸಿಗುತ್ತವೆ. ಇಂದು ನಿಮ್ಮದಕ್ಕೆ ಇಲ್ಲದಿದ್ದರೆ ಆ ಡಿಸ್ಕನ್ನು ತೆಗೆದು, ಮೇಲೆ ತಾರೀಖು ಬರೆದು ಕಪಾಟಿನಲ್ಲಿಟ್ಟು, ಹೊಸ ಡಿಸ್ಕಿನಲ್ಲಿ ವ್ಯವಸ್ಥೆಯನ್ನು ಮರುಹಾಕಿಸಿ ಕೆಲಸ ಮುಂದುವರಿಸಿ. ಕೆಲವು ತಿಂಗಳಿಗೊಮ್ಮೆ ಆ ತಾಣದಲ್ಲಿ ಮತ್ತೆ ಹುಡುಕಿ ನೋಡಿ.